ಮೋತಿಯ ಬಟ್ಟಲಿಗೊಂದು ತತ್ತಿ

ನಮ್ಮ ಮನೆಯಲ್ಲಿ ಬೆಳಗಾಗುವುದು ನೀರು ಸೋಸುವುದರಿಂದ. ನಲ್ಲಿಯ ಬಾಯಿಗೆ ಬಿಳಿ ಅರಿವೆ ಕಟ್ಟಿ, ಕೊಡ ತುಂಬಿ, ಅರಿವೆಯನ್ನು ಜಾಲಾಡಿಸಿ ಒಣಹಾಕಿದ ಮೇಲೆಯೇ ಉಳಿದ ಕೆಲಸ. ಅಷ್ಟರಲ್ಲಿ ಅತ್ತೆ ಮಿಂದು ಬಸದಿಗೆ ಹೊರಟಿರುತ್ತಾರೆ, ನನ್ನವರು ಪೇಪರಿನ ಹಿಂದೆ ಮರೆಯಾಗಿರುತ್ತಾರೆ, ಮಗಳು ಇನ್ನೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿರುತ್ತಾಳೆ. ನಾನು ಒಲೆಯ ಮೇಲೆ ಎರಡು ಪಾತ್ರೆ ಇಡುತ್ತೇನೆ. ಒಂದರಲ್ಲಿ ನಮ್ಮ ಚಹಾ, ಇನ್ನೊಂದರಲ್ಲಿ ಮೋತಿಯ ಜೋಳದ ನುಚ್ಚು. ಆ ದಿನವೂ ಎಲ್ಲ ಹೀಗೆಯೇ ನಡೆಯಿತು. ಒಂದೇ ವ್ಯತ್ಯಾಸವೆಂದರೆ, ಹಿತ್ತಲಿನ ಬಚ್ಚಲಲ್ಲಿ, ಸೋಪಿನ ಪುಡಿಯ ಖಾಲಿ ಡಬ್ಬಿಯೊಳಗೆ ಒಂದು ಕೋಳಿಮೊಟ್ಟೆ ಕುಳಿತಿತ್ತು. ಅದನ್ನು ಅಲ್ಲಿ ಬಚ್ಚಿಟ್ಟವಳು ನಾನೇ.

ಇದರಲ್ಲಿ ಬಚ್ಚಿಡುವಂಥದ್ದೇನಿದೆ ಎಂದು ನಿಮಗೆ ಅನಿಸಬಹುದು. ನಾವು ಚಿಕ್ಕೋಡಿಯ ಜೈನರು. ಗಡ್ಡೆ ಗೆಣಸುಗಳೇ ಹೊಸ್ತಿಲು ದಾಟದ ಮನೆ. ಚತುರ್ದಶಿಯ ದಿನ ಹಸಿರು ಕಾಯಿಪಲ್ಲೆಗೂ ರಜೆ. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು, ನಾಯಿಯದೂ ಸೇರಿ. ಇಂಥ ಮನೆಗೆ ಮೋತಿ ಬಂದದ್ದು ಉಗಾರದಿಂದ. ಅಲ್ಲಿಯ ಸಕ್ಕರೆ ಕಾರ್ಖಾನೆಯ ಕಾಲನಿಯಲ್ಲಿದ್ದ ನನ್ನವರ ಗೆಳೆಯರು ಒಂದು ಲ್ಯಾಬ್ರಡಾರ್ ಮರಿಯನ್ನು ತಂದು ಮಗಳ ಮಡಿಲಿಗೆ ಹಾಕಿಬಿಟ್ಟರು. ಅತ್ತೆ ಬೇಡವೆನ್ನಲಿಲ್ಲ. ಒಂದು ಕರಾರು ಹಾಕಿದರು, ಅಷ್ಟೆ:

"ಇರಲಿ. ಆದ್ರ ನನ್ನ ಅಂಗಳದಾಗ ಎಲುಬ, ತತ್ತಿ ಕಂಡ್ವೋ, ಅವತ್ತ ನಾಯಿ ತೋಟಕ್ಕ."

ನಮ್ಮ ತೋಟವಿರುವುದು ಯಡೂರಿನ ಹತ್ತಿರ, ಹೊಳೆಯ ದಂಡೆಗೆ. ಅಲ್ಲಿ ನಾಯಿಯೆಂದರೆ ಗೂಟ, ಸರಪಳಿ, ಸುತ್ತಲೂ ಕಬ್ಬು. ಗುಡುಗಿಗೆ ಹೆದರಿ ಸೋಫಾದ ಕೆಳಗೆ ತೂರುವ ಪ್ರಾಣಿ ಅಲ್ಲಿ ಒಂದು ರಾತ್ರಿಯೂ ಬಾಳಲಾರದು ಎಂದು ನನಗೆ ಗೊತ್ತಿತ್ತು.

ಮೋತಿ ಬೆಳೆದ, ಆದರೆ ಕಾಲುಗಳು ಜೊತೆಗೂಡಲಿಲ್ಲ. ಮುಂಗಾಲುಗಳು ಹೊರಕ್ಕೆ ಬಾಗಿ, ಯಾರೋ ಬಹಳ ದಿನ ಕುದುರೆ ಹತ್ತಿಸಿ ಇಳಿಸಿದ ಹಾಗೆ ನಡೆಯತೊಡಗಿದ. ದನದ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಎಮ್ಮೆಯೊಂದರ ಬಾಯಿಂದ ಕೈ ಹೊರತೆಗೆಯುತ್ತಲೇ ಮೋತಿಯನ್ನು ನೋಡಿದರು.

"ಬಾಯಾರ, ಬರೇ ನುಚ್ಚು ಹಾಲು ಹಾಕಿ ಎಲುಬ ಮೆತ್ತಗ ಮಾಡೀರಿ ನೋಡ್ರಿ. ಬೆಳಿಯೂ ನಾಯಿ ಇದು. ತತ್ತಿ ಹಾಕ್ರಿ, ಹಸಿ ಎಲುಬ ಹಾಕ್ರಿ. ಈಗ ಬಾಗಿದ ಕಾಲ ಆಮ್ಯಾಲೆ ನೆಟ್ಟಗ ಆಗೂದಿಲ್ಲ."

"ನಮ್ಮ ಮನ್ಯಾಗ ನಡಿಯೂದಿಲ್ರೀ ಡಾಕ್ಟರ್ರ."

"ನಾಯಿ ಯಾವಾಗ ಬಸದಿಗೆ ಹೋಗಾಕ ಹತ್ತೇತ್ರಿ?" ಎಂದು ಅವರು ಮತ್ತೆ ಎಮ್ಮೆಯತ್ತ ತಿರುಗಿದರು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಮಗಳ ಕೈಗೆ ಆಗಷ್ಟೇ ಟಚ್ ಫೋನ್ ಬಂದಿತ್ತು. ಅವಳು ಓದಿ ಹೇಳಿದಳು: "ಮಮ್ಮೀ, ನಾಯೀಗೆ ಮನ್ಯಾಗ ಮಾಡಿದ್ದು, ಅದರಾಗೂ ಹಸೀ ಊಟ ಭಾಳ ಛಲೋ ಅಂತ." ಮುಂದೆ ಅವಳು ಓದಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಹಸಿ ಎಂಬುದನ್ನಷ್ಟೇ ಹಿಡಿದುಕೊಂಡೆ. ಮಾರನೆಯ ದಿನದಿಂದ ಮೋತಿಯ ಬಟ್ಟಲಲ್ಲಿ ಹಸಿ ಸೌತೆಕಾಯಿ, ನೆನೆಸಿದ ಶೇಂಗಾ, ಕೊಬ್ಬರಿಯ ಹೋಳು. ನುಚ್ಚಿಗೆ ಹೆಸರುಬೇಳೆ, ಕುಂಬಳಕಾಯಿ, ಮನೆಯಲ್ಲೇ ಒಡೆದ ಹಾಲಿನ ಪನೀರು. ಅಷ್ಟೊಂದು ಮುತುವರ್ಜಿಯಿಂದ ನಾನು ನನ್ನ ಬಾಣಂತನದಲ್ಲಿಯೂ ಉಂಡಿರಲಿಲ್ಲ. ಮೋತಿ ನುಚ್ಚನ್ನು ತಿಂದ. ಸೌತೆಕಾಯಿಯನ್ನು ಮೆತ್ತಗೆ ಬಾಯಲ್ಲಿ ಹಿಡಿದು, ಒಯ್ದು ಅತ್ತೆಯ ಮಡಿಲಲ್ಲಿಟ್ಟ. ಅದವನ ಪದ್ಧತಿ. ತನಗೆ ಏನೆಂದು ತಿಳಿಯದ ವಸ್ತು ಸಿಕ್ಕರೆ ಅದನ್ನು ಮನೆಯ ಹಿರಿಯರಿಗೆ ಒಪ್ಪಿಸಬೇಕು. ಚಪ್ಪಲಿ, ಚಮಚ, ಒಮ್ಮೆ ಅತ್ತೆಯದೇ ಕನ್ನಡಕ. ಯಾವುದರ ಮೇಲೂ ಒಂದು ಹಲ್ಲಿನ ಗುರುತಿರುತ್ತಿರಲಿಲ್ಲ. ಕಾಲುಗಳು ಮಾತ್ರ ಹಾಗೆಯೇ ಇದ್ದವು. ದಿನವೂ ಅವನ್ನೇ ನೋಡುತ್ತಿದ್ದ ನನಗೆ ಕೆಲವೊಮ್ಮೆ ಇನ್ನಷ್ಟು ಬಾಗಿದಂತೆಯೂ ಕಂಡವು.

ನಮ್ಮ ಬಸದಿಯ ಗೋಡೆಯ ಮೇಲೊಂದು ಚಿತ್ರವಿದೆ. ಸಿಂಹ, ಹಸು ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತಿವೆ. ತವರಿನ ಬಸದಿಯಲ್ಲೂ ಚಿಕ್ಕಂದಿನಿಂದ ಕೈಮುಗಿದ ಚಿತ್ರ. ಆ ದಿನಗಳಲ್ಲಿ ಅದರ ಮುಂದೆ ನಿಂತಾಗಲೆಲ್ಲ ನನಗೆ ಒಂದೇ ಚಿಂತೆ: ನೀರೇನೋ ಕುಡಿಯಿತು, ಆಮೇಲೆ ಸಿಂಹ ಊಟಕ್ಕೆ ಎಲ್ಲಿಗೆ ಹೋಯಿತು? ಅದರ ಕಾಲುಗಳನ್ನು ಹತ್ತಿರದಿಂದ ನೋಡಿದೆ. ಚಿತ್ರಗಾರ ನೆಟ್ಟಗೇ ಬರೆದಿದ್ದ.

ನಿಪ್ಪಾಣಿಯ ತಂಗಿಯ ಮನೆಗೆ ಹೋದ ದಿನ ಧೈರ್ಯ ಬಂತು. ಅಲ್ಲಿ ನನ್ನನ್ನು ಯಾರು ಬಲ್ಲರು? ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಸೆರಗು ಹೊದ್ದು ನಿಂತೆ.

"ಎಷ್ಟ ಕೊಡ್ಲಿರಿ ಅಕ್ಕಾರ?"

"ಒಂದ."

"ಒಂದ ಡಜನ್?"

"ಅಲ್ರಿ. ಒಂದ ತತ್ತಿ."

ಆತ ನನ್ನನ್ನು ಒಮ್ಮೆ, ತತ್ತಿಯನ್ನು ಒಮ್ಮೆ ನೋಡಿ, ಮರಾಠಿ ಪೇಪರಿನ ತುಂಡಿನಲ್ಲಿ ಸುತ್ತಿಕೊಟ್ಟ. ಅದನ್ನು ಚುರಮರಿಯ ಚೀಲದ ನಡುವೆ ಹುಗಿದು, ಚೀಲವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಊರಿನವರೆಗೆ ಉಸಿರು ಬಿಗಿಹಿಡಿದು ಕುಳಿತೆ. ಮನೆಗೆ ಬಂದ ಮೇಲೆ ಹೊಳೆಯಿತು: ಆ ಚುರಮರಿಯನ್ನು ಈಗ ಯಾರು ತಿನ್ನಬೇಕು? "ಚುರಮರಿ ತರಲಿಲ್ಲೇನ?" ಎಂದು ಅತ್ತೆ ಕೇಳಿದರು. "ಮರತೆ ಅತ್ತಿ" ಎಂದೆ. ಚೀಲದಷ್ಟೂ ಚುರಮರಿ ಮಾಳಿಗೆಯ ಮೇಲೆ ಗುಬ್ಬಿಗಳ ಪಾಲಾಯಿತು.

ಮೊಟ್ಟೆಗೂ ನನಗೂ ಇದ್ದ ಪರಿಚಯ ಅಷ್ಟಕ್ಕಷ್ಟೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಕೊಟ್ಟ ಇಂಗ್ಲಿಷ್ ಅಕ್ಷರಮಾಲೆಯ ಪಟದಲ್ಲಿ 'ಇ' ಅಕ್ಷರಕ್ಕೆ ಮೊಟ್ಟೆಯ ಚಿತ್ರವಿತ್ತು. ಅಜ್ಜ ಅದರ ಮೇಲೊಂದು ಆನೆಯ ಚಿತ್ರ ಅಂಟಿಸಿಕೊಟ್ಟರು. ಹಾಗಾಗಿ ನನ್ನ ಪಾಲಿಗೆ ಮೊಟ್ಟೆಯೆಂದರೆ ಆನೆಯ ಹೊಟ್ಟೆಯ ಕೆಳಗೆ ಎಲ್ಲೋ ಇರುವ ಒಂದು ಉಬ್ಬು. ಪೇಪರು ಬಿಚ್ಚಿ ಅದನ್ನು ಮೊದಲ ಸಲ ಅಂಗೈಯಲ್ಲಿ ಹಿಡಿದದ್ದು ಮಾರನೆಯ ದಿನ, ಆ ಬೆಳಿಗ್ಗೆ. ಅದು ತಣ್ಣಗಿತ್ತು, ನಾನೆಣಿಸಿದ್ದಕ್ಕಿಂತ ಭಾರವಾಗಿತ್ತು.

ಅತ್ತೆ ಬಸದಿಯಿಂದ ಬರುವುದರೊಳಗೆ ಕೆಲಸ ಮುಗಿಯಬೇಕಿತ್ತು. ಹಿತ್ತಲಿನಲ್ಲಿ ಮೋತಿಯ ಬಟ್ಟಲಿಟ್ಟು ಪಕ್ಕದಲ್ಲಿ ಕುಳಿತೆ. ಒಡೆಯಬೇಕು ಎಂದು ಕಲ್ಲಿನ ಹತ್ತಿರ ಒಯ್ದೆ. ಕೈ ಮೇಲೇಳಲಿಲ್ಲ. ಆಗ ನನ್ನ ತಲೆಗೊಂದು ಲೆಕ್ಕ ಬಂತು: ಕೊಂಡು ತಂದ ಪಾಪ ನನ್ನದಿರಲಿ, ಒಡೆಯುವ ಪಾಪ ಅವನದಾಗಲಿ, ಇಬ್ಬರೂ ಹಂಚಿಕೊಂಡರೆ ಇಬ್ಬರಿಗೂ ಹಗುರ. ಬಟ್ಟಲಲ್ಲಿ ಮೊಟ್ಟೆಯಿಟ್ಟು ಗೋಡೆಯತ್ತ ಮುಖ ಮಾಡಿ ಣಮೋಕಾರ ಮಂತ್ರ ಹೇಳಿಕೊಂಡೆ. ತಿರುಗಿ ನೋಡಿದರೆ ಬಟ್ಟಲು ಖಾಲಿ. ಸಿಪ್ಪೆಯ ಒಂದು ಚೂರಿಲ್ಲ. ಒಂದು ಹನಿ ಇಲ್ಲ. ಮೋತಿಯೂ ಇಲ್ಲ.

ಸಿಪ್ಪೆಸಮೇತ ನುಂಗಿದನೇ? ಗಂಟಲಲ್ಲಿ ಸಿಕ್ಕಿಕೊಂಡಿತೇ? ಹಾಗೆಂದು ಎದೆ ಹೊಡೆದುಕೊಳ್ಳುತ್ತಿರುವಾಗಲೇ ಅವನು ಮುಂದಿನ ಅಂಗಳದಿಂದ ಬಾಲ ಅಲ್ಲಾಡಿಸುತ್ತ ಬಂದು, ಖಾಲಿ ಬಾಯಲ್ಲಿ ನನ್ನ ಕೈ ನೆಕ್ಕಿ, ನುಚ್ಚೆಲ್ಲಿ ಎಂಬಂತೆ ನೋಡಿದ. ಬಾಯಿ ಅಗಲಿಸಿ ಮೂಸಿದೆ. ಬರೀ ಹಾಲಿನ ವಾಸನೆ. ಆಗ ಬೇರೆಯ ಭಯ ಹುಟ್ಟಿತು. ಇವನು ತಿಂದಿಲ್ಲ, ಒಯ್ದಿದ್ದಾನೆ. ಒಯ್ದದ್ದನ್ನು ಇವನು ಯಾರಿಗೆ ಒಪ್ಪಿಸುತ್ತಾನೆ?

ಅಂದು ನಾನು ಮನೆಯನ್ನು ಹುಡುಕಿದ ಹಾಗೆ ಪರ್ಯೂಷಣ ಪರ್ವದ ಮುಂಚೆ ಕೂಡ ಗುಡಿಸಿಲ್ಲ. ಅತ್ತೆಯ ಹಾಸಿಗೆ, ಚಪ್ಪಲಿಯ ಗೂಡು, ದಾಸವಾಳದ ಬುಡ, ನನ್ನವರ ಸ್ಕೂಟರಿನ ಡಿಕ್ಕಿ. "ಏನ ಹುಡಕಾಕತ್ತೀ?" ಎಂದು ಅತ್ತೆ ಕೇಳಿದಾಗಲೆಲ್ಲ "ಕಿವ್ಯಾನ ಓಲಿ ಬಿದ್ದೈತಿ" ಎಂದೆ. ಪಾಪ, ಅವರೂ ಬಗ್ಗಿ ಹುಡುಕತೊಡಗಿದರು. ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ ಬಗ್ಗುತ್ತ ಹೋದೆ. ಅವರು ಎಲ್ಲಿ ಕೈಯಿಟ್ಟರೂ ನನ್ನ ಕಣ್ಣಮುಂದೆ ಆ ಗೂಟ, ಆ ಸರಪಳಿ.

ಮಧ್ಯಾಹ್ನ ಕಣ್ಣಿಗೆ ಜೊಂಪು ಹತ್ತಿದಾಗ ಪಡಸಾಲೆಯಿಂದ ಅತ್ತೆಯ ದನಿ: "ಏ, ಬಾ ಇಲ್ಲಿ! ಮೋತ್ಯಾ ಏನ ತಂದ ಇಟ್ಟಾನ ನೋಡ!"

ಓಡಿದೆ. ಅವರ ಬಿಳಿ ಸೀರೆಯ ಮಡಿಲಲ್ಲಿ ಬಿಳಿಯದೊಂದು ದುಂಡಗೆ ಕಾಣುತ್ತಿತ್ತು. ಬಾಗಿಲು ಹಿಡಿದು ನಿಂತೆ. ಮಗಳ ಬ್ಯಾಡ್ಮಿಂಟನ್ನಿನ ಹಳೆಯ ಶಟಲ್ ಕಾಕು ಅದು, ಗರಿ ಉದುರಿದ್ದು. "ಮಾರಿ ಯಾಕ ಹಿಂಗ ಬೆಳ್ಳಗ ಆಗೇತಿ? ಕಿವ್ಯಾಂದು ಹೋದ್ರ ಹೋಗ್ಲಿ, ಮತ್ತೊಂದು ಮಾಡಿಸಿದ್ರಾತು" ಎಂದು ಅವರು ನನ್ನ ಬೆನ್ನು ಸವರಿದರು. ಆ ಕೈಯ ಕೆಳಗೆ ನಿಂತಿರುವುದು ಕಷ್ಟವಾಯಿತು.

ಹೊತ್ತು ಮುಳುಗುವ ಮೊದಲು ಎಲ್ಲರೂ ಉಂಡೆವು. ಮೋತಿಯೂ ನುಚ್ಚು ಉಂಡು ಅಂಗಳದಲ್ಲಿ ಅತ್ತೆಯ ಹೊರಸಿನ ಪಕ್ಕ ಮಲಗಿದ. ಅತ್ತೆ ಜಪಮಣಿ ಎಣಿಸುತ್ತಿದ್ದರು. ಪಕ್ಕದ ಮನೆಯ ಶಾಲನ್ ವೈನಿ, ಒಣಗಿದ ಬಟ್ಟೆ ತೆಗೆಯುತ್ತಿದ್ದವಳು, ಗಿಡ್ಡ ಗೋಡೆಯ ಆಚೆಯಿಂದ ಕೂಗಿದಳು:

"ಆಯೀ, ನಿಮ್ಮ ಮೋತ್ಯಾ ಮುಂಜಾನಿ ನಮ್ಮ ಮನಿಗೆ ಆಯೇರಿ ಉಡುಗೊರಿ ತಂದಿದ್ದ ನೋಡ್ರಿ!"

"ಏನ ತಂದಿದ್ದ?"

"ತತ್ತಿ! ಅಂಗಡಿ ತತ್ತಿ, ಬೆಳ್ಳಂದು. ಎಲ್ಲಿಂದ ತಂದಿದ್ನೋ ಏನೋ. ನಮ್ಮ ಕೋಳಿ ಕಾವಿಗೆ ಕುಂತೈತಲಾ, ಅದರ ಬುಟ್ಟಿ ಮುಂದ ಇಟ್ಟ, ಹೋದ. ಆ ಹುಚ್ಚ ಕೋಳಿ ಕೊಕ್ಕಿಲೆ ಎಳಕೊಂಡ ಹೊಟ್ಟಿ ಕೆಳಗ ಹಾಕ್ಕೊಂಡ ಕುಂತೈತ್ರಿ."

ಅತ್ತೆಯ ಬೆರಳು ಮಣಿಯ ಮೇಲೆಯೇ ನಿಂತಿತು. ನಾನು ನನ್ನ ಸೆರಗಿನ ಅಂಚನ್ನೇ ನೋಡುತ್ತಿದ್ದೆ.

"ತಿನ್ನಲಿಲ್ಲಾ?"

"ಇಲ್ರೀ. ಒಂದ ಗೀರ ಸೈತ ಬಿದ್ದಿಲ್ಲ."

ಅತ್ತೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮೊಮ್ಮಗಳು ಹತ್ತನೆಯ ತರಗತಿ ಪಾಸಾದಾಗಲೂ ಅಷ್ಟು ಅರಳಿರಲಿಲ್ಲ. "ಕಂಡ್ಯೋ ಇಲ್ಲೋ?" ಎಂದು ನನ್ನತ್ತ ತಿರುಗಿದರು. "ನಮ್ಮ ಮನಿ ಅನ್ನ ಉಂಡ ಜೀವ ಅದು. ತಾಯಿ ಕಡೆ ಒಯ್ದ ಬಿಟ್ಟ ಬಂದೈತಿ. ಇನ್ನ ತೋಟದ ಮಾತ ಈ ಮನ್ಯಾಗ ಯಾರೂ ಎತ್ತಬ್ಯಾಡ್ರಿ." ಮೋತಿ ಅತ್ತೆಯ ದನಿಗೆ ಎದ್ದು, ಆ ಬಾಗಿದ ಕಾಲುಗಳನ್ನು ಒಂದೊಂದಾಗಿ ಸರಿಸಿಟ್ಟುಕೊಂಡು ಅವರ ಬಳಿ ನಡೆದ. ಎರಡು ಹೆಜ್ಜೆಯ ದೂರಕ್ಕೆ ಅವನಿಗೆ ಎಷ್ಟು ಹೊತ್ತು ಬೇಕಾಯಿತು!

ಶಾಲನ್ ವೈನಿ ಬಟ್ಟೆಯನ್ನೆಲ್ಲ ಹೆಗಲಿಗೆ ಹಾಕಿಕೊಂಡು ಒಳಗೆ ಹೊರಟವಳು ನಕ್ಕಳು.

"ಅಯ್ಯ ಆಯೀ, ಯಾರೋ ಪಾಪ ತಿನ್ಲಿ ಅಂತನ ಕೊಟ್ಟಿರಬೇಕ ಬಿಡ್ರಿ. ಒಡದ ಹಾಕಬೇಕ. ಇಡೀದ ಇಟ್ರ ಅದು ಊಟ ಅಂತ ನಾಯೀಗೆ ಹೆಂಗ ತಿಳೀಬೇಕ?"