ಚಿಮ್ಮಡದ ಹಸಿರು ಪುಡಿ

ಬೀಳಗಿ ಬಿಟ್ಟಾಗ ಇನ್ನೂ ತಂಪಿತ್ತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಬಸ್ಸು ಮುಧೋಳ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಸ್ಟ್ಯಾಂಡಿನಲ್ಲಿ ಚುರುಮುರಿ ತಿಂದು ಬನಹಟ್ಟಿ ಬಸ್ಸು ಹತ್ತಿದೆ. ಅಲ್ಲಿಂದ ಚಿಮ್ಮಡಕ್ಕೆ ಆಟೋ ಸಿಗುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು.

ನಾನು ಹೊಲದ ಹೊಂಡದಲ್ಲಿ ಮೀನು ಸಾಕುತ್ತೇನೆ. ಹೋದ ಬೇಸಿಗೆಯಲ್ಲಿ ನೀರು ಪಾಚಿಗಟ್ಟಿ ಅರ್ಧ ಮೀನು ಸತ್ತು ತೇಲಿದ್ದವು. ಈಗ ಮೀನುಗಾರಿಕೆ ಇಲಾಖೆಯವರು ಅದೇ ಪಾಚಿಯನ್ನು ಮೇವಿಗೆ ಬೆರೆಸಿರಿ ಅನ್ನುತ್ತಾರೆ. ಕೇಳಿ ತಲೆ ಕೆಟ್ಟಿತ್ತು. ಕಣ್ಣಾರೆ ನೋಡೋಣವೆಂದು ಹೊರಟಿದ್ದೆ.

ಪಾಚಿ ಬೆಳೆಯುವ ಪದ್ಮಾವತಿ ಜೈನರ ಮನೆಯ ಸೊಸೆ. ಹಿತ್ತಲಲ್ಲಿ ಮೊಣಕಾಲೆತ್ತರದ ತೊಟ್ಟಿಗಳು, ಒಳಗೆ ಕಡುಹಸಿರು ನೀರು. ನಾನು ಹಿಂದೆ ಸರಿದೆ.

"ಅಂಜಬ್ಯಾಡ್ರಿ ಅಣ್ಣಾರ, ನಿಮ್ಮ ಹೊಂಡದ ಪಾಚಿನ ಬ್ಯಾರೆ, ಇದ ಬ್ಯಾರೆ. ಇದನ್ನ ಸೋಸಿ, ಒಣಗಿಸಿ ಪುಡಿ ಮಾಡ್ತೀವಿ. ಪ್ರೋಟೀನ್ ಭಾಳ."

"ಮೀನಿಗೆ ಹತ್ತತೈತೇನ್ರಿ?" ಎಂದೆ.

ನೆರಳಲ್ಲಿ ಅಕ್ಕಿ ಆರಿಸುತ್ತಿದ್ದ ಅವಳ ಅತ್ತೆ ತಲೆಯೆತ್ತಿದರು. "ಮೀನಿಗೆ? ಔಷಧಕ್ಕ ಹೋಗ್ತೈತಿ ಅಂದಿದ್ದ್ಯಲ್ಲ ಪದ್ಮಾ?"

ಪದ್ಮಾವತಿಯ ಮುಖ ಬಿಳಿಚಿತು. ಬಾಯಿ ತೆರೆದು ನಾನೇ ಕೆಡಿಸಿದ್ದೆ.

"ಅತ್ತಿ, ಮೇವಿನ್ಯಾಗ ಸಣ್ಣ ಮೀನ ಕುಟ್ಟಿ ಹಾಕ್ತಾರ್ರಿ. ಇದನ್ನ ಹಾಕಿದ್ರ ಅವು ಉಳಿತಾವ."

"ದೊಡ್ಡವು?"

ಪದ್ಮಾವತಿ ನನ್ನತ್ತ ನೋಡಿದಳು.

"ಮಾರ್ತೀನ್ರಿ ಆಯಿ," ಎಂದೆ. ಸುಳ್ಳು ಹೇಳಲಾಗಲಿಲ್ಲ.

ಅವರು ಮೊರ ಕೆಳಗಿಟ್ಟರು. "ಉಳಿಸಿದ್ಹಂಗ ಆತೋ, ಕೊಂದ್ಹಂಗ ಆತೋ? ನನಗಂತೂ ತಿಳಿವಲ್ದು ತಮ್ಮಾ." ಎದ್ದು ಹೊರಡಲೇ, ಇಲ್ಲೇ ಕೂತಿರಲೇ ಎಂದು ಯೋಚಿಸಿದೆ.

ಅಷ್ಟರಲ್ಲಿ ಅವರೇ ಎದ್ದರು. "ಹೊತ್ತ ಮುಳುಗೂದ್ರಾಗ ಉಣ್ಣು. ಆಮ್ಯಾಲೆ ನಮ್ಮ ಮನ್ಯಾಗ ಒಲಿ ಹಚ್ಚೂದಿಲ್ಲ." ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಬಡಿಸಿದರು. ನಾನು ಕೈ ತೊಳೆದು ಬಂದಾಗ ಸೊಸೆಗೆ ಹೇಳುತ್ತಿದ್ದರು: "ಬಂದಾವ್ನ ಬರಿಗೈಲೆ ಕಳಸಬ್ಯಾಡ. ಇನ್ನ ಮುಂದ ಬೆಳಿಯೂದೋ ಬಿಡೂದೋ, ವಿಚಾರ ಮಾಡೂಣು."

ಪುಡಿಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಊರಿಗೆ ಮರಳಿದೆ. ಆ ಮನೆಯಲ್ಲಿ ಜಗಳ ಹಚ್ಚಿ ಬಂದೆನೋ ಏನೋ ಎಂದು ದಾರಿಯುದ್ದಕ್ಕೂ ಕಳವಳ.

ಮರುದಿನ ಬೆಳಿಗ್ಗೆ ಅಕ್ಕಿ ತೌಡು, ಶೇಂಗಾ ಹಿಂಡಿಯೊಂದಿಗೆ ಪುಡಿ ಕಲಸಿ ಹೊಂಡಕ್ಕೆ ಹಾಕಿದೆ. ಮೀನುಗಳು ಮೊದಲು ದೂರ ಸರಿದವು. ಆಮೇಲೆ ಒಮ್ಮೆಲೇ ಮುತ್ತಿದವು. ಹೇಳಬೇಕೆಂದು ಪದ್ಮಾವತಿಗೆ ಫೋನು ಮಾಡಿದರೆ ಎತ್ತಿದ್ದು ಆಯಿ.

"ತಿಂದ್ವೇನಪಾ?"

"ತಿಂದುವ್ರಿ ಆಯಿ."

"ಪಾಪ, ಹಸದಿದ್ದುವೇನೋ," ಎಂದು ಫೋನು ಇಟ್ಟರು.