ಭಾರದ ಗೇರು

ಸೈಕಲ್ಲಿನ ಹಿಂದಿನ ಗಾಲಿಯ ಬಳಿ ಜೋಳದ ಕಾಳಿನಷ್ಟು ಸಣ್ಣ ಸ್ಕ್ರೂ ಇತ್ತು. ಅದನ್ನು ಬಿಗಿ ಮಾಡಿದರೆ ಚೈನು ಕೊನೆಯ ಸಣ್ಣ ಹಲ್ಲುಚಕ್ರಕ್ಕೆ ಇಳಿಯುತ್ತಿರಲಿಲ್ಲ. ಅದೇ ಎಲ್ಲಕ್ಕಿಂತ ಭಾರದ ಗೇರು. ಬೆಳೆಯುವ ಮೊಣಕಾಲು ಹಾಳಾಗುತ್ತದೆಂದು ನಮ್ಮ ವಯಸ್ಸಿನವರು ರೇಸಿನಲ್ಲಿ ಅದನ್ನು ಬಳಸುವಂತಿರಲಿಲ್ಲ.

ಕಲಬುರ್ಗಿಯಲ್ಲಿ ಗೇರಿನ ಸೈಕಲ್ ಕಂಡರೆ ಜನ ಇನ್ನೂ ನಿಂತು ನೋಡುತ್ತಿದ್ದ ಕಾಲ ಅದು. ನಾನು ಒಂಬತ್ತನೆಯ ತರಗತಿ. ಗಾಜಿಪುರದ ನಮ್ಮ ಮನೆಯಲ್ಲಿ ನನ್ನ ರೇಸಿನ ಹುಚ್ಚು ಇದ್ದದ್ದು ಕಾಕಾ ಒಬ್ಬರಿಗೇ. ಅವ್ವನದು ಒಂದೇ ಮಾತು: "ಕೈಕಾಲಿಗೆ ಏನರೆ ಆದ್ರ ಅವತ್ತೇ ಸೈಕಲ್ ಮಾರಿಬಿಡ್ತೀನಿ ನೋಡು."

ರೇಸು ಕಲಿಸುವ ಸರ್ ಬಿಗಿ ಮಾಡಿದ ಸ್ಕ್ರೂವನ್ನು ಕಾಕಾ ಭಾನುವಾರ ಸಡಿಲಿಸುತ್ತಿದ್ದರು. "ಭಾರ ತುಳದ್ರ ತಾಕತ್ ಬರ್ತದ. ರೇಸಿನ ದಿನ ಹಗುರ ಗೇರಿನ್ಯಾಗ ಹಾರ್ತಿ!" ಕಮಲಾಪುರದ ರಸ್ತೆಯುದ್ದಕ್ಕೂ ಅವರ ಸ್ಕೂಟರ್ ನನ್ನ ಬೆನ್ನಿಗೇ ಇರುತ್ತಿತ್ತು. ತೊಗರಿ ಹೊಲದ ಹಸಿ ವಾಸನೆ, ಅದರ ಮೇಲೆ ಸ್ಕೂಟರಿನ ಹೊಗೆ.

ದೀಪಾವಳಿ ಮುಗಿಯುವ ಹೊತ್ತಿಗೆ ಮೊಣಕಾಲ ಚಿಪ್ಪಿನ ಕೆಳಗೆ ಸೂಜಿ ಆಡಿಸಿದಂಥ ನೋವು. ರಂಗೋಲಿ ಹಾಕಲು ಕೂತರೆ ಗೋಡೆ ಹಿಡಿಯದೆ ಏಳಲಾಗುತ್ತಿರಲಿಲ್ಲ. ಅವ್ವ ನೋಡಿದಳೇನೋ ಎಂದು ತಿರುತಿರುಗಿ ನೋಡುತ್ತಿದ್ದೆ. ಹೇಳಿದರೆ ಸೈಕಲ್ ಹೋಗುತ್ತದೆ, ಹೇಳದಿದ್ದರೆ ಕಾಲು.

ಜಿಲ್ಲಾ ತಂಡದ ಆಯ್ಕೆಯ ರೇಸಿಗೆ ಮುಂಚಿನ ಭಾನುವಾರ, ಕಮಲಾಪುರ ಇನ್ನೇನು ಬಂತು ಎನ್ನುವ ಏರಿನಲ್ಲಿ ಮೊಣಕಾಲೊಳಗೆ ಏನೋ ಕಟ್ ಎಂದಿತು. ನೆಲಕ್ಕೆ ಕಾಲು ಕೊಟ್ಟೆ.

"ತುಳಿ, ತುಳಿ! ಮುದುಕಿಯಂಗ ಯಾಕ ನಿಂತಿ?"

"ಕಾಕಾ, ಕಾಲು ಬಗ್ಗವಲ್ದು."

ಕಾಕಾನ ನಗು ಹಾಗೇ ನಿಂತುಹೋಯಿತು. ಸ್ಕೂಟರಿನಲ್ಲಿ ಊರೊಳಗೆ ಕರೆದೊಯ್ದು ಕೂಡಿಸಿ ಕಮಲಾಪುರದ ಕೆಂಪು ಬಾಳೆಹಣ್ಣು ತಂದರು, ತಾವೇ ಸುಲಿದು ಕೊಟ್ಟರು. ನನ್ನ ಮುಖ ಮಾತ್ರ ನೋಡಲಿಲ್ಲ.

"ಮನ್ಯಾಗ ಹೇಳಬ್ಯಾಡ ಮಗಳ. ಸರಿ ಹೋಗ್ತದ."

ನೋವಿಗಿಂತ ಆ ಮಾತು ಕೇಳಿಯೇ ನನಗೆ ಹೆಚ್ಚು ಹೆದರಿಕೆಯಾಯಿತು. ಅರ್ಧ ಹಣ್ಣನ್ನು ಸಿಪ್ಪೆಯಲ್ಲೇ ಮಡಚಿಟ್ಟೆ.

ಈಗ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುತ್ತೇನೆ. ಮೆಟ್ಟಿಲು ಹತ್ತಿಳಿಯಲು ಮೊಣಕಾಲು ಸಾಕು. ಏರು ಮುಗಿದು ಇಳಿಜಾರಿನಲ್ಲಿ ಮುಖಕ್ಕೆ ಬಡಿಯುತ್ತಿದ್ದ ಆ ಗಾಳಿ ಮಾತ್ರ ಕಿಟಕಿ ತೆರೆದರೂ ಸಿಗುವುದಿಲ್ಲ. ದೊಡ್ಡವರು ಹೇಳಿದ್ದನ್ನೆಲ್ಲ ನಂಬುತ್ತಿದ್ದ ಹುಡುಗಿಯೂ ಸಿಗುವುದಿಲ್ಲ.

ಆ ಭಾನುವಾರದ ಮರುದಿನ ಬೆಳಗ್ಗೆ ಅವ್ವ ಚಹಾ ಸೋಸುತ್ತಿದ್ದಳು. ಪಡಸಾಲೆಯಲ್ಲಿ ನನ್ನೆದುರು ಕೂತಿದ್ದ ಕಾಕಾ ನನ್ನನ್ನೇ ನೋಡುತ್ತಿದ್ದರು. ನಾನು ಕುಂಟುತ್ತ ಅಡುಗೆಮನೆಗೆ ಹೋಗಿ, ಲಂಗವನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದು, ಅವ್ವನ ಮುಂದೆ ನಿಂತೆ.