ಹುಸೇನ್‌ಸಾಬರ ಮೊಳೆ ಡಬ್ಬಿಗಳು

ಪಂಕ್ಚರ್ ಆದ ಸೈಕಲ್ ತಂದವರನ್ನು ಹುಸೇನ್‌ಸಾಬರು "ಹೆಂಗಾತು" ಎಂದು ಕೇಳಿದ್ದನ್ನು ನಾನು ಕಂಡಿಲ್ಲ. "ಎಲ್ಲಿ ಆತು?" ಎಂದೇ ಕೇಳುತ್ತಿದ್ದರು. ಟೈರಿನಿಂದ ಕಿತ್ತ ಮೊಳೆಯನ್ನೋ ತಂತಿಚೂರನ್ನೋ ಬೆಳಕಿಗೆ ಹಿಡಿದು ನೋಡಿ, ಗೋಡೆಗೆ ತೂಗುಹಾಕಿದ್ದ ಚಹಾಪುಡಿ ಡಬ್ಬಿಗಳಲ್ಲಿ ಒಂದಕ್ಕೆ ಟಣ್ಣೆಂದು ಹಾಕುತ್ತಿದ್ದರು. ಒಂದೊಂದು ರಸ್ತೆಗೆ ಒಂದೊಂದು ಡಬ್ಬಿ. ಮೋಕ ರಸ್ತೆ, ಸಿರುಗುಪ್ಪ ರಸ್ತೆ, ಕುರುಗೋಡು ರಸ್ತೆ, ಗಾಂಧಿನಗರದ ಒಳದಾರಿಗಳು. ಡಬ್ಬಿಗಳ ಮೇಲೆ ಹೆಸರಿರಲಿಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ, ಅದಿರಿನ ಲಾರಿಗಳು ಓಡಾಡುತ್ತಿದ್ದ ಕುರುಗೋಡು ರಸ್ತೆಯ ಡಬ್ಬಿ ತುಂಬಿ, ಪಕ್ಕಕ್ಕೆ ದೊಡ್ಡದೊಂದು ಎಣ್ಣೆ ಡಬ್ಬಿ ಬಂದಿತ್ತು.

ಅವರ ಅಂಗಡಿಯ ಎದುರಿನ ಮಹಡಿಯಲ್ಲಿ ಒಂದು ಸಣ್ಣ ಸರ್ವೆ ಕಚೇರಿ. ಅಲ್ಲಿ ನಕ್ಷೆ ಬಿಡಿಸುವವನು ನಾನು. ಸಿರುಗುಪ್ಪದಲ್ಲಿ ಸೈಕಲ್ ಕಲಿತು, ಬಳ್ಳಾರಿಗೆ ಬಂದು ಮೊಪೆಡ್ ಕೊಂಡ ದಿನವೇ ಸೈಕಲ್ ಮರೆತವನು. ಇಂಥ ನನಗೇ ಊರಿನ ಸೈಕಲ್ ದಾರಿಗಳನ್ನು ಪಟ್ಟಿ ಮಾಡಿ ಕಂಪ್ಯೂಟರಿನ ತೆರೆದ ನಕ್ಷೆಗೆ ಸೇರಿಸುವ ಕೆಲಸ ಬಂತು. ಜಗತ್ತಿನ ಜನರೆಲ್ಲ ಸೇರಿ ಬಿಡಿಸುವ ನಕ್ಷೆ ಅದು. ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ತಿದ್ದಬಹುದು. ನಾನು ಫ್ಯಾನಿನ ಕೆಳಗೆ ಕೂತು, ಹಳೆಯ ಯೋಜನೆಯ ಹಾಳೆಯಲ್ಲಿದ್ದ ಗೆರೆಗಳನ್ನೆಲ್ಲ ಹಾಗೇ ಎಳೆದು ಹಾಕಿದೆ. ಕುರುಗೋಡು ರಸ್ತೆಯ ಅಂಚಿಗೆ ಉದ್ದಕ್ಕೂ ಸೈಕಲ್ ದಾರಿಯ ನೀಲಿ ಗೆರೆ ಬಂತು. ಅದರ ಪ್ರಿಂಟ್ ತೆಗೆದು ಹುಸೇನ್‌ಸಾಬರ ಡಬ್ಬಿಗಳ ಪಕ್ಕದಲ್ಲೇ ಅಂಟಿಸಿದೆ.

"ಚಾಚಾ, ಇದನ್ನ ಜರ್ಮನಿಯಾಗ ಕುಂತವ್ರೂ ನೋಡ್ತಾರ."

"ನೋಡ್ಲಿ ಬಿಡ್ರಿ. ಅವ್ರ ಪಂಕ್ಚರ್ ಯಾರು ಹಾಕ್ತಾರಂತ?"

ಆಗಷ್ಟೇ ಅವರ ಮಗಳು ಶಾಹೀನಳಿಗೆ ಕುರುಗೋಡು ಕಡೆಯ ಒಂದು ಹಳ್ಳಿಯ ಹೊಲಿಗೆ ಕೇಂದ್ರದಲ್ಲಿ ಕಲಿಸುವ ಕೆಲಸ ಸಿಕ್ಕಿತ್ತು. ಬಸ್ಸಿನ ಹೊತ್ತು ಹೊಂದುತ್ತಿರಲಿಲ್ಲ. ಸೈಕಲ್ಲಿನಲ್ಲಿ ಹೋಗುತ್ತೇನೆಂದರೆ ಅಪ್ಪ ಎಣ್ಣೆ ಡಬ್ಬಿಯನ್ನು ತೋರಿಸುತ್ತಿದ್ದರು. ಒಂದು ದಿನ ಅವಳು ನನ್ನ ನೀಲಿ ಗೆರೆಯ ಮೇಲೆ ಬೆರಳಿಟ್ಟು ಅಪ್ಪನಿಗೆ ತೋರಿಸಿದಳು. "ಅಬ್ಬಾ, ಸೈಕಲ್ಲಿಗಂತನ ಬ್ಯಾರೆ ದಾರಿ ಐತಲ್ಲ."

ಹುಸೇನ್‌ಸಾಬರು ನನ್ನತ್ತ ತಿರುಗಿದರು. "ಐತೇನ್ರಿ, ಸರ?"

ಮೊಪೆಡ್ ಎದುರಿಗೇ ನಿಂತಿತ್ತು. ಹೋಗಿ ನೋಡಿ ಬರಲು ಅರ್ಧ ತಾಸು ಸಾಕಿತ್ತು. ನಾನು ಹೇಳಿದೆ: "ನಕ್ಷೆಯಾಗ ಐತಿ ಅಂದ್ರ ಐತಿ, ಚಾಚಾ." ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಲ್ಲಿ ದಾರಿ ಇರಲಿಲ್ಲ, ಎಂದೂ ಹಾಕಿರಲಿಲ್ಲ. ದಾರಿ ಇರಬೇಕಾದ ಜಾಗದಲ್ಲಿ ಅದಿರಿನ ಲಾರಿಗಳು ಸಾಲಾಗಿ ನಿಂತಿದ್ದವು. ಹೊರಟ ಮೊದಲ ದಿನವೇ, ಹಿಂದಿನಿಂದ ಬಂದ ಲಾರಿಗೆ ಜಾಗ ಬಿಡಲು ಹೋಗಿ ಶಾಹೀನ ತಗ್ಗಿಗೆ ಬಿದ್ದಳು. ಎಡಗೈ ಮುರಿಯಿತು. ಜಗತ್ತಿಗೆಲ್ಲ ದಾರಿ ತೋರಿಸಿದ ನಾನು ಎರಡು ದಿನ ಹಿಂದಿನ ಸಂದಿಯಿಂದ ಕಚೇರಿಗೆ ಹೋಗಿಬಂದೆ. ಮೂರನೆಯ ದಿನ ಹುಸೇನ್‌ಸಾಬರೇ ಕೆಳಗಿನಿಂದ ಕೂಗಿದರು.

ಬೈಸಿಕೊಳ್ಳಲು ತಯಾರಾಗಿಯೇ ಇಳಿದೆ. ಅವರು ಬೈಯಲಿಲ್ಲ.

"ತಪ್ಪು ನಂದೂ ಐತಿ. ನನ್ನ ಡಬ್ಬಿ ಬಿಟ್ಟು ನಿಮ್ಮ ಕಾಗದ ನಂಬಿದೆ. ಹುಡುಗಿ ಕೆಲಸ ಬಿಡಂಗಿಲ್ಲ ಅಂತಾಳ. ಆಕಿ ಕೈ ಕೂಡೂದ್ರಾಗ ಖರೇ ದಾರಿ ಹುಡುಕ್ಬೇಕು. ಸೈಕಲ್ ಹತ್ರಿ."

ಅಂದಿನಿಂದ ಪ್ರತಿ ಭಾನುವಾರ ಅವರು ಮುಂದೆ, ನಾನು ಹಿಂದೆ. ಮೊದಲ ದಿನ ಗಾಂಧಿನಗರ ದಾಟುವಷ್ಟರಲ್ಲಿ ನನಗೆ ಏದುಸಿರು. ಬುಟ್ಟಿ ಹೊತ್ತ ಮೊಸರಿನ ಅಜ್ಜಿಯೊಬ್ಬಳು ನಡೆದೇ ನನ್ನನ್ನು ಹಿಂದೆ ಹಾಕಿದಳು. ಎಲ್ಲಿ ಎಷ್ಟು ಮೊಳೆ ಸಿಕ್ಕಿವೆಯೆಂದು ನೆನಪು ಮಾಡಿಕೊಂಡು ಅವರು ದಾರಿ ಬದಲಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. "ಗಾಲಿ ಮುಟ್ಟಿದ್ದಷ್ಟ ಬರೀರಿ" ಎನ್ನುವುದು ಅವರ ಒಂದೇ ನಿಯಮ. ಒಮ್ಮೆ ಕಾಲುವೆಯ ಮೇಲೊಂದು ಕಿರುಸೇತುವೆಯನ್ನು ದೂರದಿಂದಲೇ ನೋಡಿ ಬರೆದುಬಿಟ್ಟೆ. "ಮುಟ್ಟೇತೇನು?" ಎಂದು ಕೇಳಿ ನನ್ನನ್ನು ವಾಪಸ್ ಕಳಿಸಿದರು. ಹೋಗಿ ನೋಡಿದರೆ ನಡುವಿನ ಕಲ್ಲುಚಪ್ಪಡಿಯೇ ಇರಲಿಲ್ಲ. ಗೀಚಿ ಅಳಿಸಿದೆ.

ಐದನೆಯ ಭಾನುವಾರ ಕಾಲುವೆ ಏರಿಯ ಮೇಲೆ, ಒಂದೂ ಲಾರಿ ಸಿಗದೆ, ಆ ಹಳ್ಳಿ ಮುಟ್ಟಿದೆವು. ಮರುದಿನ ನೀಲಿ ಗೆರೆಯನ್ನು ತೆಗೆದು ಏರಿಯ ದಾರಿ ಹಾಕಿದೆ. ಜೊತೆಗೆ ಅವರ ಅಂಗಡಿಯ ಗುರುತನ್ನೂ ಹಾಕಿ, ಹೊಸ ಪ್ರಿಂಟನ್ನು ಅವರಿಗೆ ತೋರಿಸಿದೆ.

"ಅದನ್ಯಾಕ ಹಾಕಿದ್ರಿ?"

"ಗಾಲಿ ಮುಟ್ಟೇತಿ, ಚಾಚಾ."

ಅವರು ಬಾಯ್ತುಂಬ ನಕ್ಕರು. ನಾನು ಹೇಳಿದ್ದೊಂದು ಮಾತು ಅವರಿಗೆ ಒಪ್ಪಿಗೆಯಾಗಿದ್ದು ಅದೇ ಮೊದಲು.

ಕೈ ಕೂಡಿದ ಮೇಲೆ ಶಾಹೀನ ಏರಿಯ ದಾರಿ ಹಿಡಿದಳು. ಮೊದಲ ದಿನ ಅವಳ ಹಿಂದೆ ಅಪ್ಪ, ಅಪ್ಪನ ಹಿಂದೆ ನಾನು. ಅವಳು ತಿರುಗಿ ನೋಡಿ, "ಸರ, ನೀವ ಬಿದ್ದೀರಿ, ಹುಷಾರು" ಎಂದಳು.

ಗಣಿಯ ಅಬ್ಬರ ಅಡಗಿ ಎಷ್ಟೋ ವರ್ಷಗಳಾದ ಮೇಲೆ ಹುಸೇನ್‌ಸಾಬರು ತೀರಿಕೊಂಡರು. ಡಬ್ಬಿಗಳನ್ನು ಶಾಹೀನ ಒಯ್ದಳು. ಆ ಜಾಗಕ್ಕೆ ಮೊಬೈಲ್ ಅಂಗಡಿ ಬಂತು. ನಕ್ಷೆಯಲ್ಲಿ ಮಾತ್ರ ಅವರ ಅಂಗಡಿ ಹಾಗೇ ಇತ್ತು. ಅಳಿಸಬೇಕೆಂದು ನನಗೆ ಗೊತ್ತಿತ್ತು, ಮನಸ್ಸಾಗಲಿಲ್ಲ. ತಿಂಗಳುಗಟ್ಟಲೆ ಹಾಗೇ ಬಿಟ್ಟೆ.

ಮೊನ್ನೆ ಪರಿಚಯವಿಲ್ಲದ ಒಬ್ಬರು ನಕ್ಷೆಯಲ್ಲಿ ದೂರು ಬರೆದಿದ್ದರು: "ಪಂಕ್ಚರ್ ಆಗಿತ್ತು. ಇದನ್ನು ನಂಬಿ ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಹೋದೆ. ಅಲ್ಲಿ ಅಂಗಡಿಯೇ ಇಲ್ಲ." ಮತ್ತೆ ಅದೇ ತಪ್ಪು, ಮತ್ತೆ ನಾನೇ.

ಮನೆಯಿಂದ ಸೈಕಲ್ ಹತ್ತಿ ಹೋದೆ. ಆ ಅಂಗಡಿಯ ಮೆಟ್ಟಿಲಿಗೆ ಮುಂದಿನ ಗಾಲಿ ತಾಗಿಸಿ ನಿಂತೆ. ಮೊಬೈಲ್ ಅಂಗಡಿಯವನು "ಏನ್ ಬೇಕ್ರಿ?" ಎಂದ. ಏನೂ ಇಲ್ಲ ಎಂದು ವಾಪಸ್ ಬಂದು ಗುರುತನ್ನು ಅಳಿಸಿದೆ. ಏನನ್ನೇ ತೆಗೆದರೂ ಆ ನಕ್ಷೆ ಕಾರಣ ಕೇಳುತ್ತದೆ. ಬರೆದೆ: "ಗಾಲಿ ಮುಟ್ಟಿಸಿ ಬಂದೆ. ಅವರಿಲ್ಲ."